ಹಳೇ ವಿಮಾನದ ಫೋಟೋ ತೆಗೆಯೋದು ಹೇಗೆ: ವಿಮಾನ ಶಾರ್ಪ್ ಇರಬೇಕು, ಪ್ರೊಪೆಲ್ಲರ್ ತಿರುಗುತ್ತಿರಬೇಕು

ಏರ್ ಶೋ ಮುಗಿದ ವಾರ ದಾವಣಗೆರೆ, ಚಿತ್ರದುರ್ಗದ ಗೆಳೆಯರು ಕಳಿಸುವ ಫೋಟೋಗಳಲ್ಲಿ ಪ್ರತಿ ಸಲ ಅವೇ ಮೂರು ತಪ್ಪು. ಒಂದು, ವಿಮಾನ ಶಾರ್ಪ್ ಇದೆ, ಬಣ್ಣ ಚೆನ್ನಾಗಿದೆ, ಆದರೆ ಪ್ರೊಪೆಲ್ಲರ್ ನಿಂತುಬಿಟ್ಟಿದೆ. ದಾರ ಕಟ್ಟಿ ತೂಗುಬಿಟ್ಟ ಆಟದ ಸಾಮಾನಿನ ತರ ಕಾಣುತ್ತೆ. ಎರಡು, ಬಿಳಿ ಆಕಾಶ, ನಡುವೆ ಕಪ್ಪು ಚುಕ್ಕೆ. ಮೂರು, ಫೋನಿನಲ್ಲಿ ತೆಗೆದದ್ದು, ಪ್ರೊಪೆಲ್ಲರ್ ಬ್ಲೇಡುಗಳು ಸೊಟ್ಟಗೆ ಬಾಗಿವೆ.

ಕ್ಯಾಮೆರಾ ಕಮ್ಮಿ ಬೆಲೆಯದು ಅಂತ ಹೀಗಾಗುವುದಿಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತೆ, ಅಷ್ಟೇ. ಮೊದಲು ದೊಡ್ಡ ಲೆನ್ಸ್ ಹುಡುಕುತ್ತಾರೆ, ಆಮೇಲೆ ಜಾಗ ಹಿಡಿಯುತ್ತಾರೆ, ಶಟರ್ (ಒಂದು ಫೋಟೋಗೆ ಕ್ಯಾಮೆರಾ ಬೆಳಕು ಬಿಟ್ಟುಕೊಳ್ಳುವ ಹೊತ್ತು) ಬಗ್ಗೆ ಯೋಚನೆ ಬರೋದು ವಿಮಾನ ತಲೆ ಮೇಲೆ ಬಂದಾಗ. ಹಳೇ ವಿಮಾನಕ್ಕೆ ಪ್ರೊಪೆಲ್ಲರ್ರೇ ಯಜಮಾನ. ಅದರ ವೇಗ ನೋಡಿ ಶಟರ್, ಶಟರ್ ನೋಡಿ ಉಳಿದದ್ದು.

## ಹಂತ 1: ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು

ನಮ್ಮ ಕಡೆಯವರಿಗೆ ಹತ್ತಿರದ ದೊಡ್ಡ ಅವಕಾಶ ಅಂದರೆ ಬೆಂಗಳೂರಿನ ಯಲಹಂಕ ವಾಯುನೆಲೆಯ ಏರೋ ಇಂಡಿಯಾ. ಎರಡು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಹಳೇ ವಿಮಾನಗಳು ಪ್ರತಿ ಸಲ ಬರುತ್ತವೆ ಅಂತ ಲೆಕ್ಕ ಹಾಕಬೇಡಿ, ಆ ವರ್ಷದ ಪಟ್ಟಿ ನೋಡಿಯೇ ಟಿಕೆಟ್ ತಗೊಳ್ಳಿ. ವಾಯುಪಡೆಯ ವಿಂಟೇಜ್ ತಂಡದಲ್ಲಿರೋದು ಎರಡು ಸಾಲು ರೆಕ್ಕೆಯ ಟೈಗರ್ ಮಾತ್, ಒಂದೇ ಎಂಜಿನ್‌ನ ಹಾರ್ವರ್ಡ್, ಮತ್ತೆ ಬಾಲದ ಹತ್ತಿರ ವಿಪಿ 905 ಅಂತ ನಂಬರ್ ಇರುವ ಎರಡು ಎಂಜಿನ್‌ನ ಡಕೋಟಾ.

ಜಕ್ಕೂರಿನಂಥ ಸಣ್ಣ ಏರೋಡ್ರೋಮ್‌ಗಳಲ್ಲಿ ಸಾರ್ವಜನಿಕರಿಗೆ ಪ್ರವೇಶ ಇರುವ ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಜನ ಕಮ್ಮಿ, ವಿಮಾನ ಹತ್ತಿರ. ಹೋಗುವ ಮೊದಲು ಫೋನ್ ಮಾಡಿ, ಕ್ಯಾಮೆರಾಗೆ ಅನುಮತಿ ಇದೆಯಾ, ಎಷ್ಟು ಹತ್ತಿರ ಬಿಡುತ್ತಾರೆ, ಎಂಜಿನ್ ಎಷ್ಟು ಹೊತ್ತಿಗೆ ಸ್ಟಾರ್ಟ್ ಮಾಡುತ್ತಾರೆ, ಈ ಮೂರು ಕೇಳಿಕೊಳ್ಳಿ. ಮೂರನೇ ಪ್ರಶ್ನೆ ಯಾರೂ ಕೇಳಲ್ಲ, ಅದಕ್ಕೇ ಒಳ್ಳೆ ಫೋಟೋ ತಪ್ಪಿಸಿಕೊಳ್ಳುತ್ತಾರೆ.

ಹಾರದ ವಿಮಾನವಾದರೂ ಸಾಕು ಅನ್ನುವವರಿಗೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ ಇದೆ. ಅಲ್ಲಿ ಒಂದು ಬೆಳಿಗ್ಗೆ ಕಳೆದರೆ ಹಂತ 8ರ ಅಭ್ಯಾಸ ಪೂರ್ತಿ ಆಗುತ್ತೆ.

ಈಗ ಹೋಗಬಾರದ ಜಾಗ. ಚಳ್ಳಕೆರೆ ಹತ್ತಿರದ ಡಿಆರ್‌ಡಿಒ ಪರೀಕ್ಷಾ ವಲಯದ ಬೇಲಿ ಪಕ್ಕ ಜೂಮ್ ಲೆನ್ಸ್ ಹಿಡಿದು ನಿಲ್ಲುವ ಆಸೆ ಕೆಲವರಿಗಿದೆ. ಬೇಡ. ಅದು ರಕ್ಷಣಾ ಜಾಗ, ಅಲ್ಲಿ ಹಾರುವುದು ಪ್ರದರ್ಶನಕ್ಕಲ್ಲ. ಯಲಹಂಕದಲ್ಲೂ ಶೋ ದಿನ ನಿಮಗೆ ಬಿಟ್ಟ ಜಾಗದಲ್ಲಿ ಮಾತ್ರ ಕ್ಯಾಮೆರಾ ಎತ್ತಿ. ಡ್ರೋನ್ ಮನೆಯಲ್ಲೇ ಬಿಡಿ.

## ಹಂತ 2: ಸಾಮಾನು

ಹಾರಾಟಕ್ಕೆ 70-300 ಲೆನ್ಸ್ ಕನಿಷ್ಠ (ಅಂಕಿ ಮಿಲಿಮೀಟರಿನಲ್ಲಿ, ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತೆ), 100-400 ಸಿಕ್ಕರೆ ಆರಾಮ. 150-600 ಉದ್ದ ಹೌದು, ಆದರೆ ಮೂರು ಗಂಟೆ ಕೈಯಲ್ಲಿ ಹಿಡಿದರೆ ಭುಜ ಬಿದ್ದುಹೋಗುತ್ತೆ, ಕೈ ನಡುಗಿದರೆ ಆ ಉದ್ದದಿಂದ ಲಾಭ ಇಲ್ಲ. ನಿಂತ ವಿಮಾನಕ್ಕೆ ಕ್ಯಾಮೆರಾ ಜೊತೆ ಬಂದ 18-55 ಸಾಕು.

ದಾವಣಗೆರೆಯಲ್ಲಿ ಲೆನ್ಸ್ ಬಾಡಿಗೆಗೆ ಬೇಕೆಂದರೆ ಮದುವೆ ಫೋಟೋ ತೆಗೆಯುವ ಸ್ಟುಡಿಯೋದವರನ್ನು ಕೇಳಿ. ಅವರ ಹತ್ತಿರ ಸಾಮಾನ್ಯವಾಗಿ 70-200 ಇರುತ್ತೆ, ಹಾರಾಟಕ್ಕೆ ಸ್ವಲ್ಪ ಕಮ್ಮಿಯೇ, ಆದರೂ ಇಲ್ಲದ್ದಕ್ಕಿಂತ ವಾಸಿ. ಫೆಬ್ರವರಿ ಮದುವೆ ಸೀಸನ್, ಮುಹೂರ್ತದ ದಿನ ಬಿದ್ದರೆ ಕೊಡಲ್ಲ, ಅದಕ್ಕೆ ಮೊದಲೇ ಹೇಳಿಟ್ಟಿರಿ.

ಜೊತೆಗೆ ಎರಡು ಬ್ಯಾಟರಿ, ಎರಡು ಕಾರ್ಡ್, ಟೋಪಿ, ನೀರು, ಕಿವಿಗೆ ಹತ್ತಿ ಅಥವಾ ಇಯರ್ ಪ್ಲಗ್. ಎನ್‌ಡಿ8 ಫಿಲ್ಟರ್ (ಲೆನ್ಸಿಗೆ ಹೋಗುವ ಬೆಳಕು ಕಮ್ಮಿ ಮಾಡುವ ಕಪ್ಪು ಗಾಜು) ಒಂದಿದ್ದರೆ ಬಹಳ ಅನುಕೂಲ, ಯಾಕೆ ಅಂತ ಮುಂದೆ ಬರುತ್ತೆ. ಟ್ರೈಪಾಡ್ ಬೇಡ. ತಲೆ ಮೇಲೆ ಹಾರುವುದಕ್ಕೆ ಅದು ಕೆಲಸಕ್ಕೆ ಬರಲ್ಲ, ಜನ ಅದರ ಕಾಲಿಗೆ ಎಡವುತ್ತಾರೆ.

ಹೊರಡುವ ಮೊದಲು ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಿಪ್) ಮೇಲೆ ಧೂಳು ಇದೆಯಾ ನೋಡಿ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/16 ಇಟ್ಟು (ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣ) ಬರೀ ಆಕಾಶದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ. ಬೂದು ಚುಕ್ಕೆಗಳು ಕಂಡರೆ ಕ್ಲೀನ್ ಮಾಡಿಸಿ. ನಮ್ಮ ಬಯಲುಸೀಮೆ ಧೂಳಿನಲ್ಲಿ ಲೆನ್ಸ್ ಬದಲಿಸುವವರ ಕ್ಯಾಮೆರಾದಲ್ಲಿ ಇದು ಗ್ಯಾರಂಟಿ ಇರುತ್ತೆ. ಮದುವೆ ಫೋಟೋದಲ್ಲಿ ಕಾಣದ ಚುಕ್ಕೆ ಖಾಲಿ ಆಕಾಶದಲ್ಲಿ ಎದ್ದು ಕಾಣುತ್ತೆ.

## ಹಂತ 3: ಪ್ರೊಪೆಲ್ಲರ್ ಲೆಕ್ಕ

ಇಡೀ ಕೆಲಸ ನಿಂತಿರೋದು ಇಲ್ಲೇ. ನಿಧಾನ ಓದಿ.

ಪ್ರೊಪೆಲ್ಲರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೋ ಅದನ್ನು 6ರಿಂದ ಗುಣಿಸಿ. ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತೆ ಅನ್ನೋದು ಬರುತ್ತೆ. ಟೈಗರ್ ಮಾತ್ ಹಾರುವಾಗ ಸುಮಾರು 2000 ಸುತ್ತು ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 12,000 ಡಿಗ್ರಿ. ಶಟರ್ 1/1000, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ, ಇಟ್ಟರೆ ಅಷ್ಟರಲ್ಲಿ ಬ್ಲೇಡ್ ತಿರುಗೋದು 12 ಡಿಗ್ರಿ ಮಾತ್ರ, ಕಣ್ಣಿಗೆ ನಿಂತ ಹಾಗೇ. 1/250 ಇಟ್ಟರೆ 48 ಡಿಗ್ರಿ, ತಿರುಗುತ್ತಿದೆ ಅಂತ ಗೊತ್ತಾಗುತ್ತೆ. 1/125ಕ್ಕೆ 96 ಡಿಗ್ರಿ, ಚೆನ್ನಾಗಿರುತ್ತೆ. 1/60ಕ್ಕೆ 200 ಡಿಗ್ರಿ. ಎರಡು ಬ್ಲೇಡಿನ ಪ್ರೊಪೆಲ್ಲರ್‌ಗೆ 180 ಡಿಗ್ರಿ ದಾಟಿದರೆ ಪೂರ್ತಿ ಚಕ್ರ ಬಂದ ಹಾಗೆ.

ಡಕೋಟಾದಲ್ಲಿ ಒಂದು ಮೋಸ ಇದೆ. ದೊಡ್ಡ ಎಂಜಿನ್, ಭಾರಿ ಸದ್ದು, ಹಾಗಾಗಿ ಪ್ರೊಪೆಲ್ಲರ್ ಕೂಡ ಜೋರಾಗಿ ತಿರುಗುತ್ತೆ ಅಂದುಕೊಳ್ಳುತ್ತಾರೆ. ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ನಡುವೆ ಗೇರ್ ಇದೆ, ಎಂಜಿನ್ 16 ಸುತ್ತು ತಿರುಗಿದರೆ ಪ್ರೊಪೆಲ್ಲರ್ 9 ಸುತ್ತು. ಎಂಜಿನ್ 2000 ಇದ್ದಾಗ ಪ್ರೊಪೆಲ್ಲರ್ 1100ರ ಆಸುಪಾಸು. ಅದಕ್ಕೇ ಟೈಗರ್ ಮಾತ್‌ಗೆ ಸಾಕಾದ 1/250 ಡಕೋಟಾಗೆ ಸಾಲಲ್ಲ. ಬ್ಲೇಡು ಮೂರಿದ್ದರೂ 1/125 ಅಥವಾ ಅದಕ್ಕಿಂತ ಕೆಳಗೆ ಇಳಿಯಲೇಬೇಕು. ಹಾರ್ವರ್ಡ್‌ನಲ್ಲಿ ಈ ಗೇರ್ ಇಲ್ಲ, ಬ್ಲೇಡ್ ಎರಡೇ, ಅದು ಟೈಗರ್ ಮಾತ್ ಲೆಕ್ಕಕ್ಕೇ ಹತ್ತಿರ.

ನೆಲದ ಮೇಲೆ ಎಂಜಿನ್ ನಿಧಾನ ಓಡುವಾಗ ಎಲ್ಲವೂ ಇನ್ನೂ ಕೆಳಗೆ: 1/60. ಹೆಲಿಕಾಪ್ಟರ್ ಬಂದರೆ ರೋಟರ್ ನಿಮಿಷಕ್ಕೆ ಬರೀ 300 ಚಿಲ್ಲರೆ ಸುತ್ತು, ಅದಕ್ಕೂ 1/60. ಜೆಟ್ ಬಂದರೆ ಮಾತ್ರ ಧೈರ್ಯವಾಗಿ 1/1000 ಮೇಲೆ ಹೋಗಿ, ಅಲ್ಲಿ ತಿರುಗೋದು ಕಾಣೋ ಥರದ್ದು ಏನೂ ಇಲ್ಲ. ಆದರೆ ಜೆಟ್ ಹೋದ ಮೇಲೆ ಶಟರ್ ವಾಪಸ್ ಇಳಿಸೋದು ಮರೆಯಬೇಡಿ. ಪ್ರೊಪೆಲ್ಲರ್ ನಿಂತ ಫೋಟೋಗಳಲ್ಲಿ ಬಹಳಷ್ಟು ಹುಟ್ಟೋದು ಈ ಮರೆವಿನಲ್ಲೇ.

ಎಚ್ಚರ: ಮಿರರ್‌ಲೆಸ್ ಕ್ಯಾಮೆರಾದಲ್ಲಿ ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಿ, ಮೆಕ್ಯಾನಿಕಲ್ ಇಡಿ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತೆ, ಓದಿ ಮುಗಿಯೋದರಲ್ಲಿ ಬ್ಲೇಡ್ ಮುಂದೆ ಹೋಗಿರುತ್ತೆ, ಹಾಗಾಗಿ ಬಾಗಿದ ಹಾಗೆ ಬರುತ್ತೆ. ಫೋನಿನಲ್ಲಿ ಆಗುವುದೂ ಇದೇ, ಅಲ್ಲಿ ಸಾಮಾನ್ಯವಾಗಿ ಮೆಕ್ಯಾನಿಕಲ್ ಶಟರ್ ಇರೋದೇ ಇಲ್ಲ. ಫೋನನ್ನು ನಿಂತ ವಿಮಾನಕ್ಕೆ ಇಟ್ಟುಕೊಳ್ಳಿ.

## ಹಂತ 4: ಊರಲ್ಲೇ ಅಭ್ಯಾಸ

ಟೇಬಲ್ ಫ್ಯಾನ್ ಫುಲ್ ಸ್ಪೀಡಲ್ಲಿ ಹೆಚ್ಚುಕಮ್ಮಿ ನಿಮಿಷಕ್ಕೆ 1300 ಸುತ್ತು ತಿರುಗುತ್ತೆ, ಅಂದರೆ ಡಕೋಟಾ ಪ್ರೊಪೆಲ್ಲರ್‌ಗೆ ಹತ್ತಿರ. ಸೀಲಿಂಗ್ ಫ್ಯಾನ್ 300 ಚಿಲ್ಲರೆ, ಹೆಲಿಕಾಪ್ಟರ್ ರೋಟರ್ ಲೆಕ್ಕ. ಹಗಲು ಬೆಳಕಲ್ಲಿ, ಕಿಟಕಿ ಪಕ್ಕ ಫ್ಯಾನ್ ಇಟ್ಟು 1/1000, 1/250, 1/125, 1/60ರಲ್ಲಿ ಒಂದೊಂದು ಫೋಟೋ ತೆಗೆದು ಪಕ್ಕಪಕ್ಕ ನೋಡಿ. ಎಲ್‌ಇಡಿ ಬಲ್ಬ್ ಬೆಳಕಲ್ಲಿ ಮಾಡಬೇಡಿ, ಅದರ ಮಿಣುಕಿಗೆ ಲೆಕ್ಕ ತಪ್ಪುತ್ತೆ. ಇಷ್ಟು ಮಾಡಿದವರಿಗೆ ಹಂತ 3 ಮತ್ತೆ ಓದಬೇಕಾಗಲ್ಲ.

ಫ್ಯಾನ್ ನಿಂತಲ್ಲೇ ಇರುತ್ತೆ, ವಿಮಾನ ಇರಲ್ಲ. 1/125ರಲ್ಲಿ ಕ್ಯಾಮೆರಾ ವಿಮಾನದ ಜೊತೆಗೇ ತಿರುಗಬೇಕು. ಅದಕ್ಕೆ ಹೈವೇ ಸರ್ವಿಸ್ ರಸ್ತೆಯಲ್ಲಿ ಸುರಕ್ಷಿತ ಜಾಗ ನೋಡಿ, ಡಾಂಬರಿನಿಂದ ದೂರ ನಿಂತು, ಹೋಗುವ ಲಾರಿ ಬೈಕುಗಳನ್ನು 1/125ರಲ್ಲಿ ಹಿಡಿಯಿರಿ. ನಂಬರ್ ಪ್ಲೇಟ್ ಓದಲು ಬಂದರೆ ಪಾಸ್. ಅದು ಬಂದ ಮೇಲೆ ಕುಂದುವಾಡ ಕೆರೆಯ ಬೆಳ್ಳಕ್ಕಿ, ಇಲ್ಲವಾದರೆ ದುರ್ಗದ ಕೋಟೆ ಮೇಲೆ ಸುತ್ತುವ ಹದ್ದು. ಹದ್ದು ಒಳ್ಳೆ ಮೇಷ್ಟ್ರು. ಬಿಳಿ ಆಕಾಶದಲ್ಲಿ ಕಂದು ಮೈ, ನೀವು ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನೋದು) ಸರಿ ಮಾಡದಿದ್ದರೆ ಕಪ್ಪಗಾಗಿಬಿಡುತ್ತೆ. ವಿಮಾನದ ಹೊಟ್ಟೆ ಭಾಗದ ಕಥೆಯೂ ಅದೇ.

ನಿಲ್ಲುವ ರೀತಿ ಹೀಗೆ. ವಿಮಾನ ನಿಮಗೆ ಅತಿ ಹತ್ತಿರ ಬರುವ ಜಾಗದ ಕಡೆ ಪಾದ ಇಡಿ. ಆಮೇಲೆ ಸೊಂಟದಿಂದ ಮೇಲೆ ಮಾತ್ರ ತಿರುಗಿ ಅದು ಬರುವ ದಿಕ್ಕಿನಲ್ಲಿ ಹಿಡಿದುಕೊಳ್ಳಿ. ಮೊಣಕೈ ಪಕ್ಕೆಗೆ ಅಂಟಿರಲಿ. ವಿಮಾನ ದೂರ ಇರುವಾಗಲೇ ಹಿಂಬಾಲಿಸಲು ಶುರು ಮಾಡಿ, ಕ್ಲಿಕ್ ಆದ ಮೇಲೂ ತಿರುಗುತ್ತಲೇ ಇರಿ. ಬಟನ್ ಒತ್ತಿದ ತಕ್ಷಣ ಕೈ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಸರಣಿಯ ಮೊದಲ ಫೋಟೋ ಶಾರ್ಪ್, ಉಳಿದವು ಅಲುಗಿದ್ದರೆ ರೋಗ ಇದೇ ಅಂತ ತಿಳಿಯಿರಿ.

## ಹಂತ 5: ಹೊರಡೋದು, ಜಾಗ ಹಿಡಿಯೋದು

ಹಿಂದಿನ ರಾತ್ರಿಯೇ ಬೆಂಗಳೂರು ಸೇರಿ. ಬೆಳಿಗ್ಗೆ ಊರಿಂದ ಹೊರಟು ಹತ್ತು ಗಂಟೆಗೆ ತಲುಪಿದರೆ ಒಳ್ಳೆ ಬೆಳಕು ಹೋಗಿರುತ್ತೆ. ಕಾರಿನಲ್ಲಿ ಬರುವವರು ನೆಲಮಂಗಲದ ಜಾಮ್‌ಗೆ ಸಿಗುವ ಬದಲು ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಯಲಹಂಕಕ್ಕೆ ಬರಬಹುದು. ಪಾರ್ಕಿಂಗ್‌ನಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. 2019ರ ಏರೋ ಇಂಡಿಯಾದಲ್ಲಿ ಪಾರ್ಕಿಂಗ್ ಮೈದಾನಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದವು.

ಸೂರ್ಯ ನಿಮ್ಮ ಬೆನ್ನಿಗಿರಬೇಕು. ಇದನ್ನು ಹಿಂದಿನ ದಿನವೇ ಮೊಬೈಲ್ ಮ್ಯಾಪಿನಲ್ಲಿ ನೋಡಿಕೊಳ್ಳಿ. ರನ್‌ವೇ ನಂಬರಿಗೆ ಒಂದು ಸೊನ್ನೆ ಸೇರಿಸಿದರೆ ಅದರ ದಿಕ್ಕು ಸಿಗುತ್ತೆ. 09 ಅಂದರೆ 90 ಡಿಗ್ರಿ, ಪೂರ್ವ. 27 ಅಂದರೆ ಪಶ್ಚಿಮ. ವಿಮಾನ ಗಾಳಿಗೆ ಎದುರಾಗಿ ಏರುತ್ತೆ, ಗಾಳಿಗೆ ಎದುರಾಗಿಯೇ ಇಳಿಯುತ್ತೆ. ಕಂಬದ ಮೇಲಿನ ಗಾಳಿಚೀಲ ನೋಡಿದರೆ ಯಾವ ಕಡೆಯಿಂದ ಬರುತ್ತೆ ಅಂತ ಹೇಳಬಹುದು.

ಇನ್ನೊಂದು ಶತ್ರು ಬಿಸಿಲ ಝಳ. ಬಿಸಿಲೇರಿದ ಮೇಲೆ ರನ್‌ವೇ ಕಾದು ಗಾಳಿ ಕುದಿಯುತ್ತೆ. ದೂರದ ವಿಮಾನದ ಅಂಚು ನೀರಲ್ಲಿ ನೋಡಿದ ಹಾಗೆ ಅಲೆಅಲೆಯಾಗಿ ಬರುತ್ತೆ. ಗುರುತು ಸುಲಭ: ಫೋಕಸ್ ಸರಿ ಇದೆ, ಶಟರ್ ಜಾಸ್ತಿ ಇದೆ, ಆದರೂ ಬಾಲದ ನಂಬರ್ ಕಲಸಿದಂತಿದೆ. ಇದಕ್ಕೆ ಯಾವ ಲಕ್ಷ ರೂಪಾಯಿ ಲೆನ್ಸೂ ಪರಿಹಾರ ಅಲ್ಲ, ಎಡಿಟಿಂಗ್‌ನಲ್ಲೂ ಸರಿಹೋಗಲ್ಲ. ನೆಲದ ಮೇಲಿನ ದೂರದ ಫೋಟೋಗಳನ್ನು ಬೆಳಿಗ್ಗೆ ಬೇಗ ಮುಗಿಸಿ, ಮಧ್ಯಾಹ್ನ ಆಕಾಶದಲ್ಲಿರುವುದನ್ನು ಮಾತ್ರ ತೆಗೆಯಿರಿ.

## ಹಂತ 6: ಕ್ಯಾಮೆರಾ ಸೆಟ್ಟಿಂಗ್

ಕ್ರಮ ಇದೇ ಇರಲಿ.

1. ಶಟರ್ ಪ್ರಯಾರಿಟಿ ಮೋಡ್ (ಶಟರ್ ನೀವು ಇಡುತ್ತೀರಿ, ಅಪರ್ಚರ್ ಕ್ಯಾಮೆರಾ ನೋಡಿಕೊಳ್ಳುತ್ತೆ). ಶುರುವಿಗೆ 1/320.
2. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100. ಮೋಡ ಇದ್ದರೆ ಆಟೋ, ಆದರೆ ಮೇಲ್ಮಿತಿ 800.
3. ಫೋಕಸ್ ನಿರಂತರ ಮೋಡಿನಲ್ಲಿ, ಅಂದರೆ ಎಎಫ್-ಸಿ ಅಥವಾ ಎಐ ಸರ್ವೋ. ನಡುವಿನ ಬಿಂದುಗಳ ಸಣ್ಣ ಗುಂಪು ಸಾಕು.
4. ಲೆನ್ಸಿನಲ್ಲಿ ಅಲುಗಾಟ ತಡೆಯುವ ಸ್ವಿಚ್ಚಿಗೆ ಮೋಡ್ 2 ಇದ್ದರೆ ಅದನ್ನು ಹಾಕಿ. ಪಕ್ಕಕ್ಕೆ ತಿರುಗಿಸುವಾಗ ಅಡ್ಡಿ ಮಾಡಲ್ಲ.
5. ಎಕ್ಸ್‌ಪೋಷರ್ ಕಾಂಪೆನ್ಸೇಷನ್: ಬಿಳಿ ಆಕಾಶಕ್ಕೆ +1, ನೀಲಿಗೆ +0.3. ಹಿಂದೆ ಮರ, ಗುಡ್ಡ ಬಂದ ಕೂಡಲೇ ಸೊನ್ನೆಗೆ.
6. ರಾ ಫೈಲ್ (ಕ್ಯಾಮೆರಾ ಕುಗ್ಗಿಸದ ಮೂಲ ಚಿತ್ರ), ಜೋರಾದ ಬರ್ಸ್ಟ್ (ಬಟನ್ ಒತ್ತಿ ಹಿಡಿದರೆ ಸಾಲಾಗಿ ಫೋಟೋ).

ಈಗ ಆ ಎನ್‌ಡಿ ಫಿಲ್ಟರ್ ವಿಷಯ. ಕಡು ಬಿಸಿಲಿನಲ್ಲಿ ಐಎಸ್‌ಒ 100, ಶಟರ್ 1/125 ಇಟ್ಟರೆ ಅಪರ್ಚರ್ ಎಫ್/14 ಹತ್ತಿರ ಹೋಗುತ್ತೆ. 1/60 ಅಂದರೆ ಎಫ್/20. ಅಲ್ಲಿ ಚಿತ್ರ ಸ್ವಲ್ಪ ಮೆದುವಾಗುತ್ತೆ, ಧೂಳಿನ ಚುಕ್ಕೆ ಎಲ್ಲಾ ಹೊರಬರುತ್ತೆ. ಎನ್‌ಡಿ8 ಹಾಕಿದರೆ ಬೆಳಕು ಮೂರು ಸ್ಟಾಪ್ ಕಮ್ಮಿ (ಒಂದೊಂದು ಸ್ಟಾಪಿಗೂ ಅರ್ಧ), ಎಫ್/5.6 ಆಸುಪಾಸಿಗೆ ಬರುತ್ತೀರಿ. ಫಿಲ್ಟರ್ ಇಲ್ಲದಿದ್ದರೂ ನಡೆಯುತ್ತೆ, ಆದರೆ ವ್ಯೂಫೈಂಡರಿನಲ್ಲಿ ಅಪರ್ಚರ್ ಅಂಕಿ ಮಿಣುಕಿದರೆ ನಿಲ್ಲಿಸಿ. ಲೆನ್ಸ್ ಇನ್ನು ಕಿರಿದಾಗಲ್ಲ, ಫೋಟೋ ಬೆಳ್ಳಗಾಗುತ್ತಿದೆ ಅಂತ ಕ್ಯಾಮೆರಾ ಕೂಗುತ್ತಿದೆ ಅಂತರ್ಥ. ಶಟರ್ ಒಂದು ಮೆಟ್ಟಿಲು ಏರಿಸಿ.

## ಹಂತ 7: ಸ್ಟಾರ್ಟ್ ಆಗುವುದರಿಂದ ಇಳಿಯುವವರೆಗೆ

ಸ್ಟಾರ್ಟ್. ಹಾರ್ವರ್ಡ್, ಡಕೋಟಾದಂಥ ವಿಮಾನಗಳ ಗುಂಡನೆಯ ಎಂಜಿನ್‌ಗಳಲ್ಲಿ (ಸಿಲಿಂಡರುಗಳು ಸುತ್ತಲೂ ಚಕ್ರದ ಕಡ್ಡಿಗಳ ಹಾಗೆ ಇರುತ್ತವೆ) ನಿಂತಾಗ ಆಯಿಲ್ ಕೆಳಗಿನ ಸಿಲಿಂಡರಿಗೆ ಇಳಿದಿರುತ್ತೆ. ಅದಕ್ಕೆ ಸ್ಟಾರ್ಟ್ ಮಾಡುವ ಮೊದಲು ಸಿಬ್ಬಂದಿ ಪ್ರೊಪೆಲ್ಲರನ್ನು ಕೈಯಲ್ಲೇ ಸುತ್ತಿಸುತ್ತಾರೆ. ಅದು ನಿಮಗೆ ಗಂಟೆ ಬಾರಿಸಿದ ಹಾಗೆ, ಬಾಯಲ್ಲಿರೋ ಮಂಡಕ್ಕಿ ನುಂಗಿ ಕ್ಯಾಮೆರಾ ಎತ್ತಿ. ಎಂಜಿನ್ ಹಿಡಿದುಕೊಂಡಾಗ ಆ ಆಯಿಲ್ ಸುಟ್ಟು ದಟ್ಟ ಹೊಗೆ ಬರುತ್ತೆ, ಕೆಲವೇ ಸೆಕೆಂಡು. ಇಡೀ ದಿನದ ಒಳ್ಳೆ ಫೋಟೋ ಬಹಳ ಸಲ ಇದೇ ಆಗಿರುತ್ತೆ. 1/60, ಸ್ವಲ್ಪ ಅಗಲವಾಗಿ, ಹೊಗೆಗೂ ಜಾಗ ಬಿಟ್ಟು ತೆಗೆಯಿರಿ.

(ಮಂಡಕ್ಕಿ ತಿನ್ನಿ, ಆದರೆ ಕವರ್ ಬ್ಯಾಗಿಗೆ ಹಾಕಿ. ಗಾಳಿಗೆ ಹಾರಿ ರನ್‌ವೇಗೆ ಹೋದ ಪ್ಲಾಸ್ಟಿಕ್ ಎಂಜಿನ್‌ಗೆ ಅಪಾಯ. ಮಿರ್ಚಿ ಎಣ್ಣೆ ಕೈಯಲ್ಲಿ ಲೆನ್ಸ್ ಮುಟ್ಟಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.)

ನೆಲದ ಮೇಲೆ ಓಡಾಟ. ಈ ವಿಮಾನಗಳ ಮೂರನೇ ಚಕ್ರ ಬಾಲದ ಕೆಳಗಿರುತ್ತೆ, ಟೈಗರ್ ಮಾತ್‌ಗಾದರೆ ಮೂಲತಃ ಚಕ್ರದ ಬದಲು ಒಂದು ಊರುಗಾಲು. ಹಾಗಾಗಿ ಮೂತಿ ಆಕಾಶ ನೋಡುತ್ತಿರುತ್ತೆ, ಪೈಲಟ್‌ಗೆ ಎದುರಿನ ದಾರಿ ಕಾಣಲ್ಲ. ಅವರು ಹಾವಿನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿಕೊಂಡು ಬರುತ್ತಾರೆ. ಮೂತಿ ನಿಮ್ಮ ಕಡೆ ಅರ್ಧ ತಿರುಗಿದಾಗ ಪ್ರೊಪೆಲ್ಲರ್, ಕಾಕ್‌ಪಿಟ್, ಟೈಗರ್ ಮಾತ್ ಆದರೆ ಎರಡೂ ಸಾಲು ರೆಕ್ಕೆ ಒಟ್ಟಿಗೆ ಸಿಗುತ್ತವೆ. ಆ ತಿರುವಿಗೆ ಕಾಯಿರಿ, ನೇರ ಬರುವಾಗ ಸುಮ್ನೆ ಕಾರ್ಡ್ ತುಂಬಿಸಬೇಡಿ.

ಏರುವಾಗ. ಓಡುತ್ತಾ ಮೊದಲು ಬಾಲ ಏಳುತ್ತೆ, ಚಕ್ರ ಇನ್ನೂ ನೆಲದಲ್ಲೇ ಇರುತ್ತೆ. ಒಂದು ಗಳಿಗೆ ವಿಮಾನ ನೆಲಕ್ಕೆ ಸಮನಾಗಿ ಓಡುತ್ತೆ. 1/125ರಲ್ಲಿ ಹಿಂದಿನ ಹುಲ್ಲು, ಮರ ಎಲ್ಲ ಗೆರೆಗೆರೆಯಾಗಿ ಹಿಂದೆ ಸರಿಯುತ್ತೆ. ಬರೀ ಆಕಾಶದಲ್ಲಿ ಈ ವೇಗದ ಅನುಭವ ಬರಲ್ಲ.

ಹಾರಾಟ. ಟೈಗರ್ ಮಾತ್ ಗಂಟೆಗೆ 150 ಕಿಮೀ ಆಸುಪಾಸಿನಲ್ಲಿ ಹಾರುತ್ತೆ, ಜೆಟ್ ಮುಂದೆ ಇದು ಏನೂ ಅಲ್ಲ, ಹಿಂಬಾಲಿಸುವುದು ಸುಲಭ. ಮೊದಲ ಸುತ್ತಿನಲ್ಲಿ 1/320ರಲ್ಲಿ ಒಂದಷ್ಟು ಭದ್ರವಾದ ಫೋಟೋ ಗಿಟ್ಟಿಸಿಕೊಳ್ಳಿ. ಎರಡನೇ ಸುತ್ತಿಗೆ 1/200. ಕೈ ಕುದುರಿದ ಮೇಲೆ 1/125. ಮೊದಲೇ 1/60ಕ್ಕೆ ಹಾರಿದವರು ಸಂಜೆ ಒಂದೂ ಶಾರ್ಪ್ ಫೋಟೋ ಇಲ್ಲದೆ ಬಸ್ ಹತ್ತುತ್ತಾರೆ. 1/125ರಲ್ಲಿ ಬಹುಪಾಲು ಫೋಟೋ ಕೆಡುತ್ತವೆ, ಅದು ಸಹಜ, ಗಾಬರಿ ಬೇಡ. ಬರ್ಸ್ಟ್ ಮೂರು ನಾಲ್ಕು ಫ್ರೇಮಿಗೆ ನಿಲ್ಲಿಸಿ. ಒತ್ತಿ ಹಿಡಿದರೆ ಕ್ಯಾಮೆರಾ ತುಂಬಿಕೊಂಡು ನಿಂತುಬಿಡುತ್ತೆ, ಸರಿಯಾಗಿ ವಿಮಾನ ನಿಮ್ಮ ಕಡೆ ವಾಲಿದಾಗ. ವಾಲಿದಾಗ ರೆಕ್ಕೆಯ ಮೇಲ್ಭಾಗಕ್ಕೆ ಬಿಸಿಲು ಬೀಳುತ್ತೆ, ಬೇಕಾಗಿರೋದು ಅದೇ.

ಪ್ರತಿ ಸುತ್ತಿನ ನಡುವೆ ಒಂದು ಫೋಟೋ ತೆರೆದು ಬಾಲದ ನಂಬರ್ ಮೇಲೆ ಪೂರ್ತಿ ದೊಡ್ಡದು ಮಾಡಿ ನೋಡಿ. ಸಣ್ಣ ಪರದೆಯಲ್ಲಿ ಎಲ್ಲವೂ ಶಾರ್ಪ್ ಕಾಣುತ್ತೆ, ನಂಬಬೇಡಿ.

## ಹಂತ 8: ನಿಂತ ವಿಮಾನ

ಗೇಟ್ ತೆರೆದ ಮೊದಲ ಅರ್ಧ ಗಂಟೆ ಅಥವಾ ಕೊನೆಯ ಅರ್ಧ ಗಂಟೆ. ನಡುವೆ ಜನಜಾತ್ರೆ. ಹತ್ತಿರ ಹೋಗಿ ಅಗಲ ಲೆನ್ಸಿನಲ್ಲಿ ತೆಗೆದರೆ ಮೂತಿ ಊದಿಕೊಂಡು ಬಾಲ ಸಣ್ಣಗಾಗುತ್ತೆ, ಹಿಂದೆ ಸರಿದು 50ರ ಆಸುಪಾಸಿನಲ್ಲಿ ತೆಗೆಯಿರಿ. ಮಂಡಿ ಊರಿ ಕೆಳಗಿನಿಂದ ನೋಡಿದರೆ ಹಿಂದಿನ ಜನರ ತಲೆ ರೆಕ್ಕೆಯ ಮರೆಗೆ ಹೋಗುತ್ತೆ. ರೆಕ್ಕೆ ಕೆಳಗಿನ ಕತ್ತಲಿಗೆ +0.7. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದ್ದರೆ ಕಾಕ್‌ಪಿಟ್ ಗಾಜಿನ ಮೇಲೆ ಕಾಮನಬಿಲ್ಲಿನ ಬಣ್ಣ ಬರಬಹುದು, ಕಂಡರೆ ತೆಗೆದುಬಿಡಿ.

ಎಚ್ಚರ: ನಿಂತ ಪ್ರೊಪೆಲ್ಲರನ್ನೂ ಮುಟ್ಟಬೇಡಿ, ಅದರ ಸುತ್ತಳತೆಯೊಳಗೆ ನಿಲ್ಲಬೇಡಿ, ಸೆಲ್ಫಿಗೂ ಬೇಡ. ಸ್ವಿಚ್ ಅಥವಾ ವೈರಿನಲ್ಲಿ ದೋಷ ಇದ್ದರೆ ಕೈಯಲ್ಲಿ ತಿರುಗಿಸಿದ್ದಕ್ಕೇ ಎಂಜಿನ್ ಹತ್ತಿಕೊಳ್ಳಬಹುದು. ಸ್ಟಾರ್ಟ್ ಆಗುವ ವಿಮಾನದ ಹಿಂದೆಯೂ ನಿಲ್ಲಬೇಡಿ, ಧೂಳು ಕಲ್ಲು ಎಲ್ಲಾ ಮುಖಕ್ಕೆ, ಲೆನ್ಸಿಗೆ. ರಟ್ಟೆ ಹಿಡಿದು ಆಚೆ ಕಳಿಸಿದರೆ ಸಿಬ್ಬಂದಿ ಮೇಲೆ ಸಿಟ್ಟಾಗಬೇಡಿ.

## ಹಂತ 9: ಮನೆಗೆ ಬಂದ ಮೇಲೆ

ಮೊದಲು ಕಾಪಿ, ಎರಡು ಕಡೆ. ಆಮೇಲೆ ಅಳಿಸೋದು. ಬಾಲದ ನಂಬರ್ ಓದಲು ಬಾರದ ಫೋಟೋ ಎಷ್ಟೇ ಚೆಂದ ಇದ್ದರೂ ಕೈಬಿಡಿ.

ನೇರ ಮಾಡುವಾಗ ವಿಮಾನ ನೋಡಿ ನೇರ ಮಾಡಬೇಡಿ. ಬಾಲ ಕೆಳಗಿರುವ ವಿಮಾನವನ್ನು ಸಮ ಮಾಡಲು ಹೋದರೆ ನೆಲ ಇಳಿಜಾರಾಗುತ್ತೆ. ಹ್ಯಾಂಗರಿನ ಕಂಬವೋ ದೂರದ ನೆಲದ ಗೆರೆಯೋ ಆಧಾರ ಇರಲಿ. ಕ್ರಾಪ್ ಮಾಡುವಾಗ ಮೂತಿಯ ಮುಂದೆ ಬಾಲದ ಹಿಂದಿಗಿಂತ ಜಾಸ್ತಿ ಜಾಗ ಬಿಡಿ. ಹೊಟ್ಟೆಭಾಗದ ನೆರಳು ಸ್ವಲ್ಪ ಎತ್ತಿ, ಧೂಳಿನ ಚುಕ್ಕೆ ಒರೆಸಿ, ಸಾಕು. ಶಾರ್ಪ್‌ನೆಸ್ ಜಾಸ್ತಿ ಎಳೆದರೆ ರೆಕ್ಕೆ ಸುತ್ತ ಬಿಳಿ ಅಂಚು ಬರುತ್ತೆ. ಆಕಾಶ ಬದಲಿಸುವ ಆಪ್ ನನಗಂತೂ ಸೇರಲ್ಲ: ರೆಕ್ಕೆಗಳ ನಡುವಿನ ತಂತಿ, ಪ್ರೊಪೆಲ್ಲರ್ ಚಕ್ರ ಎಲ್ಲವನ್ನೂ ಅರ್ಧರ್ಧ ನುಂಗಿಹಾಕುತ್ತೆ.

ಫೋಟೋ ಹಾಕುವಾಗ ಶಟರ್ ಅಂಕಿಯನ್ನೂ ಜೊತೆಗೆ ಬರೆಯಿರಿ. ಏನು ತಪ್ಪಾಗಿದೆ ಅಂತ ಕೇಳಿ ಕಳಿಸುವವರು ಬರೀ ಫೋಟೋ ಕಳಿಸುತ್ತಾರೆ, ವಾಟ್ಸಾಪಿನಲ್ಲಿ ಆ ಅಂಕಿ ಅಳಿಸಿಹೋಗಿರುತ್ತೆ. ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದರೆ ಶಟರ್ ಎಷ್ಟಿತ್ತು, ಅಪರ್ಚರ್ ಎಲ್ಲಿಗೆ ಹೋಗಿತ್ತು ಅಂತ ನೋಡಿ ಹೇಳಬಹುದು.